ಗೊತ್ತಿಲ್ಲದ್ದಕ್ಕೆ ಮೊದಲು ಹೆಸರಿಡಿ

ಒಬ್ಬನ ಹತ್ತಿರ ಆರು ಕುದುರೆ, ಜೊತೆಗೆ 300 ನಾಣ್ಯ. ಇನ್ನೊಬ್ಬನ ಹತ್ತಿರ ಹತ್ತು ಕುದುರೆ, ಆದರೆ ತಲೆಯ ಮೇಲೆ 100 ನಾಣ್ಯದ ಸಾಲ. ಎಲ್ಲ ಕುದುರೆಗಳ ಬೆಲೆಯೂ ಒಂದೇ. ಲೆಕ್ಕ ಹಾಕಿದರೆ ಇಬ್ಬರ ಆಸ್ತಿಯೂ ಸರಿಸಮ. ಹಾಗಾದರೆ ಒಂದು ಕುದುರೆಯ ಬೆಲೆ ಎಷ್ಟು?

ಈ ಪ್ರಶ್ನೆ ಕೇಳಿದವನು ಭಾಸ್ಕರಾಚಾರ್ಯ, ತನ್ನ ‘ಬೀಜಗಣಿತ’ದಲ್ಲಿ. 1114ರಲ್ಲಿ ಹುಟ್ಟಿ, ಮೂವತ್ತಾರನೆಯ ವಯಸ್ಸಿಗೆ ‘ಸಿದ್ಧಾಂತ ಶಿರೋಮಣಿ’ ರಚಿಸಿದವನು. ಒಂಬೈನೂರು ವರ್ಷದ ಹತ್ತಿರ ಬಂದರೂ ಪ್ರಶ್ನೆಗೆ ವಯಸ್ಸಾಗಿಲ್ಲ. ಕುದುರೆಯ ಜಾಗದಲ್ಲಿ ಎಮ್ಮೆ ಇಡಿ, ನಾಣ್ಯದ ಜಾಗದಲ್ಲಿ ಸಾವಿರ ರೂಪಾಯಿ ಲೆಕ್ಕಕ್ಕೆ ಹಿಡಿಯಿರಿ. ಇವತ್ತಿನ ಯಾವ ಸಂತೆಯಲ್ಲಾದರೂ ಕೇಳಬಹುದು.

ಹೈಸ್ಕೂಲಿನ ಹುಡುಗ ಹುಡುಗಿಯರೇ, ಪಿಯುಸಿಗೆ ಈಗಷ್ಟೇ ಕಾಲಿಟ್ಟವರೇ, ಗಣಿತ ನಮಗಲ್ಲ ಎಂದು ಪುಸ್ತಕ ಮಡಚಿ ಅಟ್ಟಕ್ಕೆ ಹಾಕಿದವರೇ, ಈ ಮಾತು ನಿಮಗೆ. ಇಂಥ ಪ್ರಶ್ನೆ ಕಂಡೊಡನೆ ನಿಮ್ಮಲ್ಲಿ ಅನೇಕರು ಏನು ಮಾಡುತ್ತೀರಿ ಎಂಬುದನ್ನು ತರಗತಿಯಲ್ಲಿ ನಾನು ವರ್ಷಗಟ್ಟಲೆ ಕಂಡಿದ್ದೇನೆ. ಸಮೀಕರಣ ಬರೆದು ಕೊಟ್ಟರೆ ಚಕಚಕನೆ ಬಿಡಿಸುತ್ತೀರಿ. ಪಕ್ಷಾಂತರ ಮಾಡುತ್ತೀರಿ, ಚಿಹ್ನೆ ಬದಲಿಸುತ್ತೀರಿ, ಭಾಗಿಸುತ್ತೀರಿ. ಅದೇ ಲೆಕ್ಕ ನಾಲ್ಕು ಸಾಲಿನ ಮಾತಾಗಿ ಬಂದರೆ ಪೆನ್ನು ನಿಂತುಬಿಡುತ್ತದೆ. ಹಿಂದಿನ ಬೆಂಚಿನಿಂದ ದನಿ ಬರುತ್ತದೆ: “ಸರ್, ಇದರಲ್ಲಿ ಕೂಡಬೇಕಾ, ಗುಣಿಸಬೇಕಾ?”

ಆ ಪ್ರಶ್ನೆಯನ್ನು ಇವತ್ತಿಗೆ ಬಿಡಿ. ಕೂಡುವುದು, ಗುಣಿಸುವುದು ಆಮೇಲಿನ ಮಾತು. ಅದರ ಬದಲು ಈ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನನಗೆ ಗೊತ್ತಿಲ್ಲದ್ದು ಯಾವುದು? ಗೊತ್ತಿಲ್ಲದ್ದು ಕುದುರೆಯ ಬೆಲೆ. ಸರಿ, ಅದಕ್ಕೊಂದು ಹೆಸರಿಡಿ. ಪುಸ್ತಕ ಎಕ್ಸ್ ಎನ್ನುತ್ತದೆ. ನೀವು ‘ಕ’ ಎನ್ನಿ, ಯಾರೂ ಬೇಡ ಎನ್ನುವುದಿಲ್ಲ. ಹೆಸರಿಟ್ಟ ಮೇಲೆ ಆ ಬೆಲೆ ಗೊತ್ತೇ ಇದೆ ಎಂಬಂತೆ ಧೈರ್ಯವಾಗಿ ಬಳಸಿ. ಮೊದಲನೆಯವನ ಆಸ್ತಿ ಆರು ಕುದುರೆ ಮತ್ತು 300, ಅಂದರೆ 6ಕ + 300. ಎರಡನೆಯವನದು ಹತ್ತು ಕುದುರೆ, 100 ಸಾಲ, ಅಂದರೆ 10ಕ − 100. ‘ಸರಿಸಮ’ ಎಂದು ಪ್ರಶ್ನೆಯೇ ಹೇಳಿದೆ:

6ಕ + 300 = 10ಕ − 100

ಇಲ್ಲಿಗೆ ಲೆಕ್ಕದ ಕಷ್ಟದ ಭಾಗ ಮುಗಿಯಿತು. ಉಳಿದದ್ದು 400 = 4ಕ, ಕುದುರೆಗೆ 100 ನಾಣ್ಯ. ಇಬ್ಬರ ಆಸ್ತಿಯೂ 900.

ಭಾಸ್ಕರ ಇದನ್ನು ಬರೆಯುತ್ತಿದ್ದ ಬಗೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಗೊತ್ತಿಲ್ಲದ ರಾಶಿಗೆ ಅವನು ‘ಯಾವತ್ ತಾವತ್’ ಎನ್ನುತ್ತಿದ್ದ. ಬರೆಯುವಾಗ ಬರೀ ‘ಯಾ’. ಬಿಡಿ ಸಂಖ್ಯೆಗೆ ‘ರೂಪ’, ಬರೆಯುವಾಗ ‘ರೂ’. ಮೇಲಿನ ಸಾಲಿನಲ್ಲಿ ಯಾ 6 ರೂ 300, ಅದರ ಕೆಳಗೆ ಯಾ 10 ರೂ 100. ಸಾಲದ 100ರ ನೆತ್ತಿಯ ಮೇಲೊಂದು ಚುಕ್ಕಿ, ಅದೇ ಋಣದ ಗುರುತು. ಸಮ ಚಿಹ್ನೆ ಇಲ್ಲ. ಅದನ್ನು ವೇಲ್ಸಿನ ರಾಬರ್ಟ್ ರೆಕಾರ್ಡ್ ಬಳಕೆಗೆ ತಂದದ್ದು 1557ರಲ್ಲಿ. ಎರಡು ಸಾಲು ಒಂದರ ಕೆಳಗೊಂದು ಕೂತರೆ ಸಾಕು, ಅವು ಸಮ ಎಂದೇ ಅರ್ಥ. ಗೊತ್ತಿಲ್ಲದ ರಾಶಿಗಳು ಒಂದಕ್ಕಿಂತ ಹೆಚ್ಚಾದರೆ ಉಳಿದವುಗಳಿಗೆ ಬಣ್ಣದ ಹೆಸರು: ಕಾಲಕ, ನೀಲಕ, ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು. ಸಾಲದ ಹೊರೆಯನ್ನು ಒಂದು ಚುಕ್ಕಿಯಲ್ಲಿ ಹಿಡಿದಿಟ್ಟ ಆ ಬುದ್ಧಿಗೆ ನಾವು ವಾರಸುದಾರರು. ಬರೀ ಹೆಮ್ಮೆ ಪಡುವುದರಿಂದ ವಾರಸುದಾರಿಕೆ ಕೈಗೆ ಬರುವುದಿಲ್ಲ. ಪೆನ್ನು ಹಿಡಿದು ಲೆಕ್ಕ ಬಿಡಿಸಬೇಕು.

ನಿಮ್ಮಲ್ಲಿ ಕೆಲವರಿಗೆ ಒಳಗೊಳಗೇ ಒಂದು ಅಳುಕು ಇದೆ, ನನ್ನ ತಲೆಯೇ ಮಂದ ಎಂದು. ಅದನ್ನು ಇವತ್ತೇ ಕಿತ್ತು ಹಾಕಿ. ಅಮೆರಿಕದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಎಂಜಿನಿಯರಿಂಗ್ ಸೇರಿದ ವಿದ್ಯಾರ್ಥಿಗಳಿಗೆ ಒಂದೇ ಸಾಲಿನ ಪ್ರಶ್ನೆ ಕೊಟ್ಟರು. ಅದರ ಫಲಿತಾಂಶ 1981ರಲ್ಲಿ ಪ್ರಕಟವಾಯಿತು. ಪ್ರಶ್ನೆ ಇದು: ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ಇದನ್ನು ಸಮೀಕರಣವಾಗಿ ಬರೆಯಿರಿ. ಇಷ್ಟೇ. ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ತಪ್ಪು ಬರೆದರು. ನೀವೂ ಬರೆದು ನೋಡಿ. ವಿದ್ಯಾರ್ಥಿಗಳ ಸಂಖ್ಯೆ ‘ವ’, ಪ್ರಾಧ್ಯಾಪಕರ ಸಂಖ್ಯೆ ‘ಪ’. 6ವ = ಪ ಎಂದು ಬರೆಯಲು ಕೈ ತುರಿಸುತ್ತದೆ, ಏಕೆಂದರೆ ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ ಎಂಬ ಚಿತ್ರ ಕಣ್ಣ ಮುಂದೆ ನಿಂತಿರುತ್ತದೆ. ಈಗ ಹತ್ತು ಪ್ರಾಧ್ಯಾಪಕರಿದ್ದಾರೆ ಎನ್ನಿ. ವಿದ್ಯಾರ್ಥಿಗಳು ಅರವತ್ತು. 6 × 60 = 10 ಆಗುತ್ತದೆಯೇ? ಇಲ್ಲ. ಸರಿಯಾದದ್ದು ವ = 6ಪ. ಅಕ್ಷರ ನಿಂತಿರುವುದು ಮನುಷ್ಯರ ಬದಲಿಗೆ ಅಲ್ಲ, ಅವರ ಸಂಖ್ಯೆಯ ಬದಲಿಗೆ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ವಾಕ್ಯರೂಪದ ಲೆಕ್ಕಗಳಲ್ಲಿ ಅರ್ಧದಷ್ಟು ತಪ್ಪು ತಾನಾಗಿ ಉದುರುತ್ತದೆ.

ಇನ್ನೊಂದು ಲೆಕ್ಕವನ್ನು ನಿಧಾನವಾಗಿ ನೋಡೋಣ, ಏಕೆಂದರೆ ಇದರಲ್ಲೊಂದು ಗುಂಡಿ ಇದೆ, ಎಲ್ಲರೂ ಬೀಳುವ ಗುಂಡಿ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಮೆಜೆಸ್ಟಿಕ್‌ನಲ್ಲಿ ಹತ್ತಿ ಇಳಿಯುವಾಗ ಮೀಟರು 144 ತೋರಿಸಿತು. ಎಷ್ಟು ದೂರ ಬಂದಿರಿ? ಗೊತ್ತಿಲ್ಲದ್ದು ದೂರ, ಅದಕ್ಕೆ ‘ದ’. ತರಗತಿಯಲ್ಲಿ ಕೊಟ್ಟರೆ ಬಹುತೇಕ ಕೈಗಳು ಬರೆಯುವುದು ಹೀಗೆ: 36 + 18ದ = 144. ಆಗ 18ದ = 108, ದ = 6. ಉತ್ತರ ಪೂರ್ಣ ಸಂಖ್ಯೆಯಾಗಿ ಬಂದಿತು, ಅಡಿಗೆರೆ ಎಳೆದಾಯಿತು, ಮುಖ ಅರಳಿತು.

ಅಡಿಗೆರೆ ಎಳೆಯುವ ಮೊದಲು ಒಂದು ನಿಮಿಷ ತಾಳಿ. ಆರು ಕಿಲೋಮೀಟರು ಹೋದೆವು ಎಂದುಕೊಂಡು ಆಟೊದೊಳಗೆ ಕೂತೇ ಲೆಕ್ಕ ಹಾಕಿ. ಮೊದಲ ಎರಡಕ್ಕೆ 36. ಉಳಿದ ನಾಲ್ಕಕ್ಕೆ ಹದಿನೆಂಟರಂತೆ 72. ಒಟ್ಟು 108. ಮೀಟರು ತೋರಿಸಿದ್ದು 144! ಎಲ್ಲಿ ಎಡವಿದೆವು? ಹದಿನೆಂಟರ ದರ ಇಡೀ ದೂರಕ್ಕಲ್ಲ, ಎರಡು ಕಿಲೋಮೀಟರು ಕಳೆದು ಉಳಿದ ದೂರಕ್ಕೆ. ಅಂದರೆ 36 + 18(ದ − 2) = 144. ದ − 2 = 6, ದ = 8. ‘ಆಮೇಲೆ’ ಎಂಬ ಮೂರಕ್ಷರದ ಮಾತಿನಲ್ಲಿ ಆವರಣ ಚಿಹ್ನೆ ಅಡಗಿ ಕೂತಿತ್ತು. ಗಣಿತ ಚೆನ್ನಾಗಿ ಬರುವವರನ್ನು ಗಮನಿಸಿ ನೋಡಿ, ಅವರು ಪ್ರಶ್ನೆಯನ್ನು ನಿಧಾನವಾಗಿ, ಎರಡೆರಡು ಸಲ ಓದುತ್ತಾರೆ. ‘ಗಿಂತ’, ‘ಉಳಿದದ್ದರಲ್ಲಿ’, ‘ಐದು ವರ್ಷದ ನಂತರ’, ‘ತಲಾ’, ‘ಒಟ್ಟು’ ಎಂಬ ಪದಗಳ ಹತ್ತಿರ ನಿಲ್ಲುತ್ತಾರೆ. ಕನ್ನಡ ಚೆನ್ನಾಗಿ ಓದಬಲ್ಲ ನಿಮಗೆ ಈ ಅರ್ಧ ವಿದ್ಯೆ ಆಗಲೇ ಕೈಯಲ್ಲಿದೆ ಎಂಬುದನ್ನು ಯಾರೂ ನಿಮಗೆ ಹೇಳಿಲ್ಲ. ನಾನು ಹೇಳುತ್ತಿದ್ದೇನೆ.

ತಾಳೆ ನೋಡುವುದನ್ನು ನಾವು ಶಾಲೆಗಳಲ್ಲಿ ಕೊನೆಯ ಅರ್ಧ ಅಂಕದ ಶಾಸ್ತ್ರ ಮಾಡಿಬಿಟ್ಟಿದ್ದೇವೆ. ಅದು ನನಗೆ ತುಂಬಾ ನೋವಿನ ಸಂಗತಿ. ತಾಳೆಯಲ್ಲಿ ನಿಮ್ಮ ಸ್ವಾತಂತ್ರ್ಯವೇ ಇದೆ. ಎಂಟು ಎಂದು ಬಂದ ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ನೋಡಿ, 36 ಮತ್ತು 108 ಸೇರಿ 144 ಆಯಿತು ಎಂದು ಕಂಡ ಹುಡುಗಿ ಪುಸ್ತಕದ ಹಿಂಬದಿಯ ಉತ್ತರಮಾಲೆಯನ್ನು ತೆರೆಯಬೇಕಿಲ್ಲ, ನನ್ನ ಮುಖ ನೋಡಬೇಕಿಲ್ಲ. ಉತ್ತರಮಾಲೆಯಲ್ಲೇ ತಪ್ಪು ಅಚ್ಚಾಗಿದ್ದರೆ ಅದನ್ನು ತಪ್ಪು ಎಂದು ಎದ್ದು ನಿಂತು ಹೇಳಬಲ್ಲಳು. ಹದಿಮೂರು ವರ್ಷದ ಮಗು ಐವತ್ತು ವರ್ಷದ ಹಿರಿಯರೆದುರು ವಿನಯ ಬಿಡದೆ, ಅಂಜದೆ, ‘ಇದು ಹೀಗಲ್ಲ’ ಎಂದು ತೋರಿಸಿ ಕೊಡಬಹುದಾದ ಜಾಗಗಳು ನಮ್ಮ ಸಮಾಜದಲ್ಲಿ ಎಷ್ಟಿವೆ? ಇದೊಂದು ನಿಮಗಾಗಿ ತೆರೆದಿದೆ.

ಈ ನೆಲದಲ್ಲಿ ಲೆಕ್ಕ ಎಂದೂ ಬದುಕಿನಿಂದ ದೂರ ಇದ್ದದ್ದಲ್ಲ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಯಾವುದು? ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನದು. ಅದೇ ಅರಸನನ್ನು ಹೊಗಳುತ್ತ ಸುಮಾರು 850ರಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗಣಿತ ಎಲ್ಲೆಲ್ಲಿ ಬೇಕು ಎಂದು ಅವನು ಆರಂಭದಲ್ಲೇ ಪಟ್ಟಿ ಕೊಡುತ್ತಾನೆ: ಅರ್ಥಶಾಸ್ತ್ರಕ್ಕೆ, ಸಂಗೀತಕ್ಕೆ, ನಾಟಕಕ್ಕೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಛಂದಸ್ಸಿಗೆ, ಅಷ್ಟೇ ಏಕೆ, ಅಡುಗೆಗೂ. ರಾಷ್ಟ್ರಕೂಟರ ರಾಜಧಾನಿ ಮಳಖೇಡದ ವೈಭವದ ಕಾಲದಲ್ಲಿ ಗಣಿತಜ್ಞನೊಬ್ಬನ ಕಣ್ಣು ಒಲೆಯ ಮೇಲಿನ ಪಾತ್ರೆಯ ಮೇಲೂ ಇತ್ತು! ಪ್ರೊ. ಪದ್ಮಾವತಮ್ಮ ಅವರು ಮಾಡಿದ ಆ ಗ್ರಂಥದ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿದೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ತರಿಸಿ ಎಂದು ಅರ್ಜಿ ಬರೆಯಿರಿ. 12ನೇ ಶತಮಾನದ ರಾಜಾದಿತ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಂಸ್ಕೃತ ಬಲ್ಲವರಿಗಷ್ಟೇ ಗಣಿತ ಏಕೆ ಎಂಬಂತೆ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡ ಮಾಧ್ಯಮದಲ್ಲಿ ಓದಿದೆ, ನನಗೆ ಗಣಿತ ಹೇಗೆ ಬಂದೀತು ಎಂದು ತಲೆ ತಗ್ಗಿಸುವ ಪ್ರತಿಯೊಬ್ಬರೂ ಈ ಹೆಸರನ್ನು ನೆನಪಿಡಬೇಕು.

ಅಕ್ಷರವೇ ಬೇಡದೆ ಲೆಕ್ಕ ಬಿಡಿಸುವ ದಾರಿಯೂ ಹಳೆಯದೇ. ಭಾಸ್ಕರನದೇ ‘ಲೀಲಾವತಿ’ಯ ಒಂದು ಲೆಕ್ಕದಲ್ಲಿ ಕಮಲದ ರಾಶಿ ಇದೆ. ಮೂರನೇ ಒಂದು ಭಾಗ ಶಿವನಿಗೆ, ಐದನೇ ಒಂದು ವಿಷ್ಣುವಿಗೆ, ಆರನೇ ಒಂದು ಸೂರ್ಯನಿಗೆ, ಕಾಲು ಭಾಗ ದೇವಿಗೆ. ಉಳಿದ ಆರು ಹೂವು ಗುರುಗಳ ಪಾದಕ್ಕೆ. ಒಟ್ಟು ಹೂವೆಷ್ಟು? ಮೊದಲು ಸುಮ್ಮನೆ 60 ಎಂದು ಹಿಡಿಯಿರಿ, ಎಲ್ಲ ಭಾಗಗಳೂ ಚೊಕ್ಕವಾಗಿ ಬರುತ್ತವೆ: 20, 12, 10, 15. ಸೇರಿ 57, ಉಳಿದದ್ದು 3. ಉಳಿಯಬೇಕಾದದ್ದು 6, ಇದರ ಎರಡರಷ್ಟು. ಹಾಗಾಗಿ ಹೂವೂ ಎರಡರಷ್ಟು, 120. ಹೀಗೆ ಇಷ್ಟಬಂದ ಸಂಖ್ಯೆ ಹಿಡಿದು ಹೊರಡುವ ಬಗೆಗೆ ಇಷ್ಟಕರ್ಮ ಎಂದು ಹೆಸರು. ಮೂರೂವರೆ ಸಾವಿರ ವರ್ಷದ ಹಿಂದಿನ ಈಜಿಪ್ಟಿನ ಲಿಪಿಕಾರ ಆಹ್ಮೆಸ್ ಪಪೈರಸ್ ಹಾಳೆಯ ಮೇಲೆ ಮಾಡಿದ್ದೂ ಇದನ್ನೇ. ಗೊತ್ತಿಲ್ಲದ್ದರ ಎದುರು ಅವರಿಬ್ಬರೂ ಸುಮ್ಮನೆ ಕೂರದೆ ಏನಾದರೂ ಒಂದನ್ನು ಹಿಡಿದು ಹೊರಟರು. ಅಕ್ಷರ ಹಿಡಿದು ಹೊರಡುವ ನಿಮಗೆ ಅವರಿಗಿಂತ ಹಗುರವಾದ ದಾರಿ ಸಿಕ್ಕಿದೆ.

ಇದೆಲ್ಲ ಪರೀಕ್ಷೆಗೆ ಸರಿ, ಆಮೇಲೆ ಏನು ಪ್ರಯೋಜನ ಎನ್ನುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ತಾಯಿ ಹೂವು ಮಾರುತ್ತಿದ್ದರು. ಮನೆಯಲ್ಲಿ ಒಂದು ಚಿಕ್ಕ ರಟ್ಟಿನ ಕಾರ್ಡು, ಅದರ ತುಂಬ ಚೌಕಗಳು. ದಿನವೂ ಸಂಜೆ ಒಬ್ಬ ಬೈಕಿನಲ್ಲಿ ಬಂದು ನೂರು ರೂಪಾಯಿ ತೆಗೆದುಕೊಂಡು ಒಂದು ಚೌಕಕ್ಕೆ ಗೀಟು ಹಾಕುತ್ತಿದ್ದ. ಅಂಥ ನೂರು ಚೌಕ. ಸಾಲ ಹತ್ತು ಸಾವಿರ. ಬಡ್ಡಿ ಎಂದು ಮೊದಲೇ 1,500 ಹಿಡಿದುಕೊಂಡು ಕೈಗೆ ಕೊಟ್ಟದ್ದು 8,500. ‘ನೂರಕ್ಕೆ ಹದಿನೈದು, ಅದೂ ನೂರು ದಿನಕ್ಕೆ’ ಎಂಬುದು ಅವನ ಮಾತು. ಕೇಳಿದರೆ ತಿಂಗಳಿಗೆ ನೂರಕ್ಕೆ ನಾಲ್ಕೂವರೆ ಎನ್ನಿಸುತ್ತದೆ. ಹೂವಿನ ವ್ಯಾಪಾರ ಇದನ್ನು ತಾಳುತ್ತದೆ ಎಂದೇ ಆ ತಾಯಿ ನಂಬಿದ್ದರು.

ಬಡ್ಡಿಯ ಪಾಠದ ದಿನ ಹುಡುಗಿ ಆ ಕಾರ್ಡು ತಂದಳು. ಕರಿಹಲಗೆಯ ಮೇಲೆ ಇಡೀ ತರಗತಿ ಸೇರಿ ಬರೆಯಿತು. ಗೊತ್ತಿಲ್ಲದ್ದು ತಿಂಗಳಿಗೆ ನೂರಕ್ಕೆ ಬೀಳುವ ಬಡ್ಡಿ, ಹೆಸರು ‘ಬ’. ಮೊದಲ ದಿನ ಕೈಯಲ್ಲಿದ್ದ ಸಾಲ 8,500, ನೂರನೆಯ ದಿನ ಸೊನ್ನೆ. ದಿನ ದಿನವೂ ಕರಗಿದ ಆ ಹಣ ನಿಜವಾಗಿ ಸರಾಸರಿ ಎಷ್ಟು ಅವರ ಬಳಿ ಇತ್ತು? ಅರ್ಧ, 4,250. ಅಷ್ಟು ಹಣಕ್ಕೆ ನೂರು ದಿನದ ಬಡ್ಡಿ 1,500. ನೂರು ದಿನವೆಂದರೆ 100/30 ತಿಂಗಳು:

4,250 × (ಬ/100) × (100/30) = 1,500

ನೂರು ನೂರಕ್ಕೆ ಹೋಯಿತು. 4,250ಬ = 45,000. ಬ ಹತ್ತೂವರೆಗಿಂತ ತುಸು ಹೆಚ್ಚು. ಇದು ಅಂದಾಜಿನ ಲೆಕ್ಕವೇ, ಆದರೆ ಸತ್ಯಕ್ಕೆ ಹತ್ತಿರದ್ದು. ನಾಲ್ಕೂವರೆ ಎಂದುಕೊಂಡದ್ದು ಹತ್ತೂವರೆ! ವರ್ಷಕ್ಕೆ ಹಿಡಿದರೆ ನೂರಕ್ಕೆ ನೂರಿಪ್ಪತ್ತರ ಮೇಲೆ. ತರಗತಿಯಲ್ಲಿ ಸದ್ದಿರಲಿಲ್ಲ. ಹುಡುಗಿ ಆ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಚೊಕ್ಕಟವಾಗಿ ಬರೆದುಕೊಂಡು ಹೋದಳು. ರಾತ್ರಿ ಅಮ್ಮನಿಗೆ ಒಂದೊಂದೇ ಸಾಲು ಓದಿ ಹೇಳಿದಳಂತೆ. ಕಾರ್ಡು ತೀರಿದ ಮೇಲೆ ಅವರು ಮತ್ತೆ ಆ ಬೈಕಿನವನ ಹತ್ತಿರ ಹೋಗಲಿಲ್ಲ. ಸ್ವಸಹಾಯ ಸಂಘದಲ್ಲಿ ಸಾಲ ಕೇಳಿದರು.

ಕಿರುಸಾಲದ ಕಿರುಕುಳ ತಾಳಲಾರದೆ ಊರು ಬಿಟ್ಟವರ ಸುದ್ದಿ ನೀವು ಓದಿದ್ದೀರಿ. ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬೇಕೇ ಬೇಕು. ಆದರೆ ಸಹಿ ಹಾಕುವ ಗಳಿಗೆಯಲ್ಲಿ ಕಾನೂನು ಪಕ್ಕದಲ್ಲಿ ಕೂತಿರುವುದಿಲ್ಲ; ಎಂಟನೇ ತರಗತಿಯಲ್ಲಿ ಓದುವ ಮಗಳು ಕೂತಿರಬಹುದು. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳು, ‘ಬಡ್ಡಿ ಸೊನ್ನೆ’ ಎನ್ನುತ್ತಲೇ ಸಂಸ್ಕರಣಾ ಶುಲ್ಕ ಹಿಡಿಯುವ ಕಂತುಗಳು, ಚೀಟಿ ಹರಾಜುಗಳು, ‘ಎರಡು ಕೊಂಡರೆ ಒಂದು ಉಚಿತ’ದ ಫಲಕಗಳು, ಇವೆಲ್ಲ ನಿಮ್ಮ ಪಠ್ಯಪುಸ್ತಕದಿಂದ ಎದ್ದು ಬೀದಿಗೆ ಬಂದ ವಾಕ್ಯರೂಪದ ಲೆಕ್ಕಗಳೇ. ಅವನ್ನು ಬರೆದವರು ನೀವು ಬಿಡಿಸಬಾರದು ಎಂದೇ ಆಶಿಸಿ ಬರೆದಿರುತ್ತಾರೆ. ಬಿಡಿಸಿ!

ಹಾಗಾಗಿ ಎದ್ದೇಳಿ. ಅಟ್ಟಕ್ಕೆ ಹಾಕಿದ ಏಳನೇ ತರಗತಿಯ ಪುಸ್ತಕ ಇಳಿಸಿ, ‘ಸರಳ ಸಮೀಕರಣಗಳು’ ಪಾಠ ತೆಗೆಯಿರಿ. ಡಿಗ್ರಿ ಓದುತ್ತಿದ್ದರೂ ನಾಚಿಕೆ ಬೇಡ. ದಿನಕ್ಕೆ ಹತ್ತು ಲೆಕ್ಕ ಬೇಡ, ಒಂದು ಸಾಕು. ಆದರೆ ಅದನ್ನು ಗಟ್ಟಿಯಾಗಿ ಓದಿ, ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು, ‘ಸಮ’ ಎಲ್ಲಿದೆ ಎಂದು ಹುಡುಕಿ ಬರೆಯಿರಿ; ತಾಳೆ ನೋಡದೆ ಮುಂದಿನದಕ್ಕೆ ಹೋಗಬೇಡಿ. ತಪ್ಪಾದರೆ ಅಳಿಸಬೇಡಿ, ಪಕ್ಕದಲ್ಲೇ ಸರಿಯಾದದ್ದನ್ನು ಬರೆಯಿರಿ. ಯಾವ ಪದ ಮೋಸ ಮಾಡಿತು ಎಂದು ಅದರ ಸುತ್ತ ಗೆರೆ ಎಳೆಯಿರಿ. ಒಂದು ತಿಂಗಳು ಕಳೆದ ಮೇಲೆ ಪುಸ್ತಕ ಬದಿಗಿಟ್ಟು ನೀವೇ ಲೆಕ್ಕ ಕಟ್ಟಿ. ಅಪ್ಪ ಡೈರಿಗೆ ಹಾಕುವ ಹಾಲು, ಪಂಪ್‌ಸೆಟ್ಟು ಓಡುವ ಗಂಟೆ, ಅಣ್ಣ ಬೆಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚು, ಅಕ್ಕನ ಹೊಲಿಗೆಯ ಕೂಲಿ, ಯಾವುದಾದರೂ ಸರಿ. ಲೆಕ್ಕ ಬಿಡಿಸುವುದಕ್ಕಿಂತ ಲೆಕ್ಕ ಕಟ್ಟುವುದು ಕಷ್ಟ. ಕಟ್ಟಲು ಕಲಿತವರನ್ನು ಯಾವ ಪ್ರಶ್ನೆಪತ್ರಿಕೆಯೂ ಹೆದರಿಸಲಾರದು. ಆಮೇಲೆ ನಿಮಗಿಂತ ಎರಡು ತರಗತಿ ಕೆಳಗಿರುವ ತಮ್ಮನಿಗೋ ಪಕ್ಕದ ಮನೆಯ ಹುಡುಗಿಗೋ ಅದನ್ನು ಹೇಳಿಕೊಡಿ. ‘ಕೂಡಬೇಕಾ, ಗುಣಿಸಬೇಕಾ’ ಎಂದು ಅವರು ಕೇಳಿದರೆ ಉತ್ತರ ಕೊಡಬೇಡಿ. ‘ನಿನಗೆ ಗೊತ್ತಿಲ್ಲದ್ದು ಯಾವುದು?’ ಎಂದು ಕೇಳಿ ಕಾಯಿರಿ.

ಇವತ್ತಿನ ಲೆಕ್ಕ ನಾನೇ ಕೊಡುತ್ತೇನೆ. ಊಟ ತಿಂಡಿ ಮನೆಗೆ ತಲುಪಿಸುವ ಎರಡು ಕೆಲಸ ನಿಮ್ಮ ಮುಂದಿವೆ. ಒಂದರಲ್ಲಿ ಆರ್ಡರಿಗೆ 25 ರೂಪಾಯಿ, ಬೇರೇನೂ ಇಲ್ಲ. ಇನ್ನೊಂದರಲ್ಲಿ ದಿನಕ್ಕೆ 300 ಖಚಿತ, ಅದರ ಮೇಲೆ ಆರ್ಡರಿಗೆ 10. ಎರಡರಲ್ಲೂ ಪೆಟ್ರೋಲ್ ನಿಮ್ಮದೇ, ಆರ್ಡರಿಗೆ 7 ರೂಪಾಯಿ ತಗಲುತ್ತದೆ ಎನ್ನಿ. ದಿನಕ್ಕೆ ಎಷ್ಟು ಆರ್ಡರ್ ಸಿಕ್ಕರೆ ಎರಡೂ ಕೆಲಸದಲ್ಲಿ ಕೈಗೆ ಉಳಿಯುವುದು ಒಂದೇ? ಅದಕ್ಕಿಂತ ಹೆಚ್ಚು ಸಿಕ್ಕರೆ ಯಾವ ಕೆಲಸ ಹಿಡಿಯುತ್ತೀರಿ, ಕಡಿಮೆ ಸಿಕ್ಕರೆ ಯಾವುದು? ನಾಳೆ ಪೆಟ್ರೋಲ್ ದುಬಾರಿಯಾಗಿ ಏಳರ ಜಾಗದಲ್ಲಿ ಒಂಬತ್ತು ಬಂದರೆ ಮೊದಲ ಉತ್ತರ ಬದಲಾಗುತ್ತದೆಯೇ? ಎರಡೂ ಸಲ ಸಮೀಕರಣ ಬರೆದು, ತಾಳೆ ನೋಡಿ, ಕೊನೆಯ ಪ್ರಶ್ನೆಗೆ ಮಾತ್ರ ಕಾರಣವನ್ನು ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆಯಿರಿ.